ಬಿಳಿಗೆರೆಯ ಜೇಕು

ಅಥವಾ ಅದು ಸೂರತ್ ಅಲ್ಲವೇ ಅಲ್ಲ, ವಡೋದರಾದ ಗೋರ್ವಾದಲ್ಲಿದ್ದ ಒಂದು ನರ್ಸರಿ. ಆ ಗಿಡವನ್ನು ಮೊದಲು ಕಂಡದ್ದು ಸೂರತ್ತಿನಲ್ಲೆಂದು ಕೇಳಿದವರಿಗೆಲ್ಲ ಹೇಳುತ್ತ ಬಂದಿದ್ದೇನೆ. ಆದರೆ ಆ ನೆನಪಿನಲ್ಲಿ ಸಣ್ಣ ಮಳೆ ಬೀಳುತ್ತಿರುತ್ತದೆ, ನನ್ನ ಕೈಯಲ್ಲಿ ಗಿಡ ತಂದು ತಿಂಗಳುಗಳಾದ ಮೇಲೆ, ಆ ಮಳೆಗಾಲದ ಕೊನೆಗೆ ಕೊಂಡ ಕೊಡೆ ಇರುತ್ತದೆ. ಇಲ್ಲದ ಕೊಡೆಯನ್ನು ಬಿಚ್ಚಿ ಹಿಡಿಯಬಲ್ಲ ನೆನಪು ಊರೊಂದನ್ನು ಬದಲಾಯಿಸಲು ಹಿಂಜರಿದೀತೇ?

ಗಿಡವಂತೂ ನಿಜ. ಗೇಣುದ್ದದ ಹುಲ್ಲಿನಂಥ ಎಲೆಗಳು, ನಡುವೆ ಕೆನೆಬಣ್ಣದ ಪಟ್ಟೆ, ಅಂಚಿಗೆ ಹಸಿರು. ಒಂದೇ ಬುಡದಿಂದ ಚಿಮ್ಮಿ ಸುತ್ತಲೂ ಬಾಗಿಕೊಂಡಿದ್ದವು. ವರ್ಷವಿಡೀ ಹಸಿರು, ನೆರಳೇ ಬೇಕು, ನಡುಹಗಲಿನ ಬಿಸಿಲು ತಾಗಿದರೆ ಸುಟ್ಟುಹೋಗುತ್ತದೆ ಎಂದೆಲ್ಲ ವಿವರಿಸಿದ ನರ್ಸರಿಯವನಿಗೆ ಹೆಸರು ಮಾತ್ರ ಗೊತ್ತಿರಲಿಲ್ಲ. 'ಶೋ ಪ್ಲಾಂಟ್' ಎಂದ. ಮೂರು ಕುಂಡ ತಂದೆ.

ನೆರಳಿಗೆ ನನ್ನಲ್ಲಿ ಬರವಿರಲಿಲ್ಲ. ಅಹಮದಾಬಾದಿನ ಸ್ಯಾಟಲೈಟ್‌ನಲ್ಲಿರುವ ನಮ್ಮ ಸೊಸೈಟಿಯ ಕಟ್ಟಡಕ್ಕೂ ಕಾಂಪೌಂಡಿಗೂ ನಡುವೆ ಒಂದು ಮಣ್ಣಿನ ಪಟ್ಟಿ, ಅದರಲ್ಲೊಂದು ಬೇವಿನ ಮರ. ಉಳಿದ ನೆಲವೆಲ್ಲ ಎಂದೋ ಸಿಮೆಂಟ್ ಬ್ಲಾಕುಗಳ ಅಡಿಗೆ ಹೋಗಿದೆ. ಮಳೆ ಬಂದರೆ ಕೆಸರಾಗುತ್ತದೆಂಬ ಕಾರಣಕ್ಕೆ ಇದನ್ನೂ ಮರದ ಬುಡದವರೆಗೆ ಮುಚ್ಚಲು ಕಮಿಟಿ ತೀರ್ಮಾನಿಸಿದಾಗ, ಬೇವು ಉಸಿರಾಡುವುದೆಲ್ಲಿಂದ ಎಂದು ನಾನು ಜಗಳಕ್ಕೆ ನಿಂತೆ. ಸೆಕ್ರೆಟರಿ ಜಿಗ್ನೇಶಭಾಯಿ ಕೊನೆಗೆ ಒಂದು ಗಡುವು ಕೊಟ್ಟರು: ದೀಪಾವಳಿಯೊಳಗೆ ಆ ಕೆಸರನ್ನು ಹಸಿರು ಮುಚ್ಚಿದರೆ ಸರಿ, ಇಲ್ಲದಿದ್ದರೆ ಬ್ಲಾಕು. ಅಷ್ಟರಲ್ಲಿ ನಾನು ಹಾಕಿದ್ದ ಹುಲ್ಲುಹಾಸು ನೆರಳು ತಾಳಲಾರದೆ ಎರಡು ಸಲ ಸತ್ತಿತ್ತು. ನರೋಡಾದ ಕಾರ್ಖಾನೆಯಲ್ಲಿ ಪಂಪು ಪರೀಕ್ಷಿಸುವವನು ನಾನು. ಪಂಪು ಕೆಟ್ಟರೆ ಕಾರಣ ಬರೆದು ಸಹಿ ಹಾಕಬಲ್ಲೆ, ಹುಲ್ಲು ಸತ್ತರೆ ಪಕ್ಕದಲ್ಲಿ ನಿಂತಿರಬಲ್ಲೆ, ಅಷ್ಟೆ.

ಮಳೆಗಾಲ ಶುರುವಾದ ವಾರ ಮೂರು ಬುಡಗಳನ್ನೂ ಬೇವಿನಡಿ ನೆಟ್ಟು ಕೆಲಸಕ್ಕೆ ಹೋದೆ. ಸಂಜೆ ಬಂದರೆ ಅಲ್ಲಿ ಮೂರು ಗುಂಡಿಗಳಿದ್ದವು. ಗಿಡಗಳು ಕಾಂಪೌಂಡಿನ ಮೇಲೆ ಬೇರು ಮೇಲಾಗಿ ಬಿದ್ದಿದ್ದವು. ಪಕ್ಕದಲ್ಲಿ ವನಜಕ್ಕ ಕೈ ತೊಳೆಯುತ್ತಿದ್ದರು. ಕೆಳಮಹಡಿಯವರು, ಉಡುಪಿ ಹೋಟೆಲಿನ ಶೆಟ್ಟರ ಹೆಂಡತಿ. ಮದುವೆಗೆ ಮೊದಲು ಬ್ರಹ್ಮಾವರದ ಹತ್ತಿರ ಅಪ್ಪನ ಗದ್ದೆಯಲ್ಲಿ ಕಳೆ ಕಿತ್ತು ಬೆಳೆದವರು.

"ಎಂತ ಮಾರಾಯ್ರೆ, ನಿಮ್ಮ ಜಾಗದಲ್ಲಿ ಜೇಕಿನ ಕಳೆ ಎದ್ದಿತ್ತು. ಕಿತ್ತು ಹಾಕಿದೆ," ಎಂದರು, ಉಪಕಾರ ಮಾಡಿದವರ ಧ್ವನಿಯಲ್ಲಿ.

ಅಂಗಡಿಯಿಂದ ತಂದದ್ದು ಎಂದೆ. ಅವರು ಒಂದು ಹೂದಂಟನ್ನು ಮುರಿದು ನನ್ನ ಬೆರಳುಗಳ ನಡುವೆ ಇಟ್ಟು ಉರುಳಿಸಲು ಹೇಳಿದರು.

"ಮೂರು ಮೂಲೆ ಸಿಗ್ತದಲ್ಲ? ಹುಲ್ಲಾದ್ರೆ ಉರುಟು ಇರ್ತದೆ. ಇದು ಜೇಕೇ, ಜರಿ ಸೀರೆ ಉಟ್ಟದ್ದು ಅಷ್ಟೆ. ನೀವು ಇದನ್ನು ಕೊಂಡುಕೊಂಡು ಬಂದದ್ದಾ?"

"ಅಕ್ಕ, ಇದು ಹಬ್ಬದೊಳಗೆ ಹರಡದಿದ್ರೆ ಇಲ್ಲಿಗೂ ಬ್ಲಾಕು ಹಾಕ್ತಾರೆ."

ವನಜಕ್ಕ ಬೇವನ್ನು ಒಮ್ಮೆ ನೋಡಿ ಒಳಗೆ ಹೋದರು, ತೆಂಗಿನಕಾಯಿ ಸುಲಿಯುವ ಕತ್ತಿ ಹಿಡಿದು ಬಂದರು. "ಇದನ್ನು ಕೊಲ್ಲುವುದು ಹೇಗೇಂತ ನಂಗೆ ಇವತ್ತಿಗೂ ಗೊತ್ತಿಲ್ಲ. ಒಂದು ತುಂಡು ಉಳಿದ್ರೆ ಸಾಕು, ಎದ್ದು ಬರ್ತದೆ."

ಪ್ರತಿ ಬುಡವನ್ನು ಎರಡು ಮೂರು ಮೊಳಕೆಗೊಂದು ತುಂಡಿನಂತೆ ಸೀಳಿದರು, ಎಲೆಗಳನ್ನು ಅರ್ಧಕ್ಕೆ ಕತ್ತರಿಸಿದರು, ಬುಡ ಹೂತುಹೋಗದಂತೆ ನೆಡಿಸಿದರು, ಹೋಟೆಲಿನ ತೆಂಗಿನ ನಾರು ತರಿಸಿ ಸುತ್ತ ಹಾಸಿದರು. ಮೂರು ಗಿಡ ಹತ್ತೊಂಬತ್ತಾದವು, ಇಲ್ಲವೇ ಇಪ್ಪತ್ತೊಂದು. ಎಣಿಸಿದವನು ನಾನಾದ್ದರಿಂದ ಒತ್ತಿ ಹೇಳಲಾರೆ. ಕೆನೆಪಟ್ಟೆಗೆ ಮರುಳಾಗಿದ್ದ ನನಗೆ ಗಿಡದ ಮುಖಪರಿಚಯವಷ್ಟೇ ಇತ್ತು. ಅದರ ಜೊತೆ ಬಗ್ಗಿ ಬಗ್ಗಿ ಯುದ್ಧ ಮಾಡಿದವರಿಗೆ ಅದರ ಪ್ರಾಣ ಇರುವ ಜಾಗ ಗೊತ್ತಿತ್ತು. ಮೆಚ್ಚುವವರಿಗಿಂತ ಕಾದಾಡಿದವರು ಹತ್ತಿರದವರು ಎಂದು ಬರೆದು ಮುಗಿಸಿಬಿಡಬಹುದು. ಆದರೆ ಅಂಚಿಗಿದ್ದ ನಾಲ್ಕು ತುಂಡುಗಳು ಬಿಸಿಲಿಗೆ ಸುಟ್ಟವು, ಎರಡು ಪಟ್ಟೆಯನ್ನೇ ಬಿಟ್ಟು ಬರೀ ಹಸಿರಾದವು. ಹಸಿರಾದದ್ದು ಬೇಗ ಬೆಳೆದು ಪಟ್ಟೆಯದನ್ನು ನುಂಗುತ್ತದೆ, ಕೀಳಬೇಕು ಎನ್ನುತ್ತಾರೆ ಬಲ್ಲವರು. ನಾನು ಕೀಳಲಿಲ್ಲ. ನನಗೆ ಬೇಕಿದ್ದದ್ದು ನೆಲ ಮುಚ್ಚುವ ಗಿಡ.

ದೀಪಾವಳಿಗೆ ಮೊದಲು ಜಿಗ್ನೇಶಭಾಯಿ ಬ್ಲಾಕು ಹಾಕುವವನನ್ನು ಕರೆದುಕೊಂಡೇ ಬಂದರು. ಬಗ್ಗಿ ನೋಡಿ, ಇದು ಬರೀ ಹುಲ್ಲಲ್ಲವೇ ಎಂಬಂತೆ, "ಭಾಯಿ, ಯೇ ತೋ ಘಾಸ್ ಹೈ," ಎಂದರು. ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯ ಕಿಟಕಿಯಿಂದ ವನಜಕ್ಕನ ಹಿಂದಿ ಬಂತು: "ಘಾಸ್ ನಹೀ ಭಾಯಿ, ಶೋ ಪ್ಲಾಂಟ್. ಸೂರತ್ ಸೇ ಲಾಯಾ." ಜಿಗ್ನೇಶಭಾಯಿ ನಕ್ಕರು. ಇನ್ನೂ ಬೋಳಾಗಿದ್ದ ಎರಡು ಕಡೆ ಚಪ್ಪಲಿಯಿಂದ ಗೀರಿ ತೋರಿಸಿ, ಬೇಸಿಗೆ ದಾಟಲಿ, ಆಮೇಲೆ ನೋಡೋಣ ಎಂದು ಬ್ಲಾಕಿನವನನ್ನು ಹಿಂದಕ್ಕೆ ಕಳಿಸಿದರು.

ಈಗ ಮಾರ್ಚ್. ಗೀರಿದ ಎರಡು ಜಾಗಗಳಲ್ಲಿ ಒಂದು ತುಂಬಿದೆ. ವನಜಕ್ಕ ಬೆಳಗ್ಗೆ ಅಕ್ಕಿ ತೊಳೆದ ನೀರು ಹುಯ್ಯುತ್ತಾರೆ, ಹುಯ್ಯುತ್ತಲೇ ಅಕ್ಕಪಕ್ಕದ ಬೇರೆ ಕಳೆಗಳನ್ನು ಕೀಳುತ್ತಾರೆ. ಗದ್ದೆಯ ಜೇಕು ಬೇಸಿಗೆಯಲ್ಲಿ ಸತ್ತ ಹಾಗೆ ಕಾಣ್ತದೆ, ಸಾಯುವುದಿಲ್ಲ ಎಂಬುದು ಅವರ ಮಾತು. ಆದರೆ ಇದು ತಂಪು ನಾಡಿನ ಬೇರೆ ಜಾತಿ, ಅಹಮದಾಬಾದಿನ ಮೇ ತಿಂಗಳನ್ನು ಇನ್ನೂ ಕಂಡಿಲ್ಲ. ತಾಳುತ್ತದೆಯೇ, ನನಗೆ ಗೊತ್ತಿಲ್ಲ.