ಅತ್ತೆಯ ಆನೆ ಸವಾರಿ

ನಮ್ಮ ಮನೆಯಲ್ಲಿ ಸೋಲ್ಡರಿಂಗ್ ಐರನ್ ಇರುವ ಜಾಗ ಅಡುಗೆಮನೆ, ಒಗ್ಗರಣೆ ಸೌಟಿನ ಪಕ್ಕ. ಇದನ್ನು ಹೇಳಿಕೊಳ್ಳಲು ನನಗೆ ಸ್ವಲ್ಪ ಸಂಕೋಚವೇ. ಐವತ್ತು ದಾಟಿದ, ವಿಮಾ ಕಚೇರಿಯಲ್ಲಿ ಕಡತ ತಿರುವುವ ಹೆಂಗಸಿಗೆ ಇಂಥ ಹವ್ಯಾಸ ಯಾಕೆ ಎಂದು ನೆಂಟರು ಕೇಳುತ್ತಾರೆ. ರಿಚ್ಚಿ ಸ್ಟ್ರೀಟಿನ ಎಲೆಕ್ಟ್ರಾನಿಕ್ಸ್ ಅಂಗಡಿಯಾತನಂತೂ ನಾನು ಹೋದಾಗಲೆಲ್ಲ "ಪೈಯನ್ ಪ್ರಾಜೆಕ್ಟಾ ಮೇಡಂ?" ಅನ್ನುತ್ತಾನೆ. ಅವನ ತಮಿಳಿನ ಪೈಯನ್ ಎಂದರೆ ಮಗ, ನನಗೆ ಮಗನಿಲ್ಲ. ಇರುವವಳು ಒಬ್ಬಳೇ ಮಗಳು ಅಪೂರ್ವ, ಅವಳಿಗೆ ಬಲ್ಬು ಬದಲಿಸುವುದಕ್ಕೂ ಬೇಜಾರು. ಪ್ರಾಜೆಕ್ಟು ನನ್ನದೇ ಎಂದರೆ ಅವನು ನಂಬುವುದಿಲ್ಲ. ಹಾಗಾಗಿ ಈಗೀಗ ಸುಮ್ಮನೆ ತಲೆಯಾಡಿಸಿ ಬರುತ್ತೇನೆ.

ಈ ಸಲದ ಪ್ರಾಜೆಕ್ಟಿಗೆ ಕಾರಣ ನಮ್ಮ ಅತ್ತೆ. ವೆಸ್ಟ್ ಮಾಂಬಲಂನ ಈ ಫ್ಲಾಟಿಗೆ ಬಂದು ಮೂವತ್ತು ವರ್ಷವಾದರೂ ಅವರ ದಸರೆ ಮಾತ್ರ ಮೈಸೂರಿನದೇ. ಪಕ್ಕದ ತಮಿಳರ ಮನೆಗಳ ಕೊಲು ಎಂಬ ಗೊಂಬೆಹಬ್ಬದಲ್ಲಿ ಇಲ್ಲದ ಒಂದು ಶಾಸ್ತ್ರ ನಮ್ಮಲ್ಲಿದೆ. ವಿಜಯದಶಮಿಯ ಸಂಜೆ, ಪಟ್ಟದ ಗೊಂಬೆಗಳ ಮುಂದೆ, ಮನೆಯ ಹಿರಿಯರು ಮರದ ಆನೆಯನ್ನು ನೆಲದ ಮೇಲೆ ತಳ್ಳಿಕೊಂಡು ಹಜಾರದ ಆ ತುದಿಯಲ್ಲಿರುವ ಬನ್ನಿ ಸೊಪ್ಪಿನ ತಟ್ಟೆಯವರೆಗೆ ಕರೆದೊಯ್ಯಬೇಕು. ಅದೇ ನಮ್ಮ ಜಂಬೂ ಸವಾರಿ. ಅತ್ತೆ ಆ ಆನೆಯನ್ನು ಇನ್ನೊಬ್ಬರ ಕೈಗೆ ಕೊಟ್ಟದ್ದನ್ನು ನಾನು ನೋಡಿಲ್ಲ. ಆದರೆ ಕಳೆದ ವರ್ಷ ಮಂಡಿ ಮುಷ್ಕರ ಹೂಡಿತು. ಬಗ್ಗಿದವರು ಏಳಲಾಗದೆ, ಇಬ್ಬರು ಹಿಡಿದೆತ್ತಬೇಕಾಯಿತು. ಕುರ್ಚಿಯಲ್ಲಿ ಕೂತು ಸುಧಾರಿಸಿಕೊಂಡ ಮೇಲೆ, "ಇನ್ಮೇಲೆ ನನ್ ಕೈಲಾಗಲ್ಲ ಕಣಮ್ಮ. ಬರೋ ವರ್ಷದಿಂದ ನೀನೇ ತಳ್ಬಿಡು," ಅಂದರು.

ಇಪ್ಪತ್ತೈದು ವರ್ಷ ಈ ಮಾತಿಗಾಗಿ ಒಳಗೊಳಗೇ ಕಾದಿದ್ದವಳು ನಾನು. ಮಾತು ಬಂದಾಗ ಮಾತ್ರ ಯಾಕೋ ಆನೆಯನ್ನು ಕೈಗೆತ್ತಿಕೊಳ್ಳಲು ಮನಸ್ಸಾಗಲಿಲ್ಲ. ಅತ್ತೆ ಕೂತಲ್ಲಿಂದಲೇ ಆನೆ ನಡೆಸುವಂತಾಗಬೇಕು ಎಂದು ಅಂದೇ ನಿಶ್ಚಯಿಸಿದೆ.

ಅಪೂರ್ವ ಹೈಸ್ಕೂಲಿನಲ್ಲಿ ಆಡಿ ಬಿಸಾಡಿದ್ದ ಗೇಮ್ ಕಂಟ್ರೋಲರ್ ಅಟ್ಟದಲ್ಲಿತ್ತು. ಎರಡು ಕೈಗೂ ತುಂಬುವಂಥದು, ಹೆಬ್ಬೆರಳಿಗೆ ಸಿಗುವಂತೆ ಎರಡು ಪುಟ್ಟ ಕೋಲು. ಅತ್ತೆಯ ಸೊಟ್ಟಗಾದ ಬೆರಳಿಗೂ ಕೋಲು ದೂಡುವುದು ಕಷ್ಟವಲ್ಲ. ಅದರ ವೈರಿನ ತುದಿ ಕತ್ತರಿಸಿ, ಒಳಗಿದ್ದ ಬಣ್ಣಬಣ್ಣದ ಎಳೆಗಳನ್ನು ಬೆಂಕಿಪೊಟ್ಟಣದಷ್ಟು ದೊಡ್ಡ ಮೈಕ್ರೋಕಂಟ್ರೋಲರ್ ಬೋರ್ಡಿಗೆ ಜೋಡಿಸಿದೆ. ಈ ಕಂಟ್ರೋಲರ್ ಬಹಳ ಮರ್ಯಾದಸ್ಥ. ಬೋರ್ಡು ಕೇಳದೆ ತಾನಾಗಿ ಬಾಯಿ ಬಿಡುವುದಿಲ್ಲ. ಒಂದು ವೈರಿನಲ್ಲಿ ಪ್ರಶ್ನೆ ಹೋಗಬೇಕು, ಇನ್ನೊಂದರಲ್ಲಿ ಉತ್ತರ ಬರಬೇಕು. ನಾನು ಅವೆರಡನ್ನೂ ಅದಲುಬದಲು ಮಾಡಿದ್ದೆ. ಮೂರು ಭಾನುವಾರ, ಏನು ಒತ್ತಿದರೂ ಕಂಪ್ಯೂಟರ್ ಪರದೆಯಲ್ಲಿ ಒಂದೇ ಅಂಕಿ, 255. ನಾಲ್ಕನೆಯ ಭಾನುವಾರ ವೈರು ಬದಲಿಸಿದ್ದೇ ತಡ, ಅಂಕಿ 128ಕ್ಕೆ ಇಳಿದು, ಕೋಲು ದೂಡಿದಂತೆ ಏರಿಳಿಯತೊಡಗಿತು. ಒಲೆಯ ಮೇಲಿನ ಹಾಲು ಉಕ್ಕಿತು. ಉಕ್ಕಲಿ ಎಂದು ಬಿಟ್ಟೆ.

128 ಎಂದರೆ ಕೋಲು ನಟ್ಟನಡುವೆ ನಿಂತಿದೆ ಎಂದರ್ಥ. ಅದರ ಆಚೀಚಿನ ಸಣ್ಣ ಅಲುಗಾಟವನ್ನು ಬೋರ್ಡು ಗಮನಿಸದಂತೆ ಪ್ರೋಗ್ರಾಮಿನಲ್ಲಿ ಬರೆಯಬಹುದು. ಈ ವಿದ್ಯೆಯನ್ನು ನಾನು ಮದುವೆಯಾದಂದಿನಿಂದ ಈ ಮನೆಯಲ್ಲಿ ಪಾಲಿಸಿಕೊಂಡು ಬಂದಿದ್ದೇನೆ, ಪ್ರಾಯಶಃ ಅತ್ತೆಯೂ. ಕಾಫಿ ಲೋಟ ಹಿಡಿದಾಗ ಅತ್ತೆಯ ಕೈ ಎಷ್ಟು ನಡುಗುತ್ತದೆಂದು ವಾರಗಟ್ಟಲೆ ನೋಡಿ, ಆ ಅಲುಗಾಟದ ಅಳತೆಯನ್ನು ಧಾರಾಳವಾಗಿಯೇ ಇಟ್ಟೆ. ಆಮೇಲೆ ಆನೆಯ ಹೊಟ್ಟೆಯಡಿ ಎರಡು ಮೋಟಾರು, ನಾಲ್ಕು ಚಕ್ರ. ಕಂಟ್ರೋಲರಿನ ವೈರು ಉದ್ದ ಬಾಲದಂತೆ ಹಿಂದೆ ಹರಿದು ಬರುತ್ತಿತ್ತು. ಕನ್ನಡ ಪೂರ್ತಿ ಅರ್ಥವಾದರೂ ತಮಿಳಿನಲ್ಲೇ ಉತ್ತರಿಸುವ ಅಪೂರ್ವ ನೋಡಿ, "ಅಮ್ಮಾ, ಇದು ಯಾನೈಯಾ, ಆಟೋವಾ?" ಎಂದು ನಕ್ಕಳು.

ಆಯುಧಪೂಜೆ ಬಂತು. ಸ್ಕೂಟರು, ಮಿಕ್ಸಿ, ಹೊಲಿಗೆ ಯಂತ್ರಗಳ ಜೊತೆ ಕಂಟ್ರೋಲರನ್ನೂ ಮಣೆಯ ಮೇಲಿಟ್ಟು, ಎರಡು ಕೋಲಿನ ನೆತ್ತಿಗೂ ದಂಡಿಯಾಗಿ ಗಂಧ ಬಳಿದು ಕುಂಕುಮ ಇಟ್ಟೆ. ಪೂಜೆಗಿಟ್ಟ ವಸ್ತುವನ್ನು ಮರುದಿನದವರೆಗೆ ಮುಟ್ಟುವಂತಿಲ್ಲ.

ಮರುದಿನ ಸಂಜೆ ಪಕ್ಕದ ಮನೆಗಳ ಮಾಮಿಯರೆಲ್ಲ ಉಸಲಿಯ ದೊನ್ನೆ ಹಿಡಿದು ಕೂತಿದ್ದರು. ಅತ್ತೆಯ ಕೈಗೆ ಕಂಟ್ರೋಲರ್ ಕೊಟ್ಟು ಸ್ವಿಚ್ಚು ಹಾಕಿದೆ. ಆನೆ ಹೊರಟಿತು. ಬನ್ನಿಯ ಕಡೆಗಲ್ಲ, ಎಡಕ್ಕೆ. ಅತ್ತೆ ನೇರ ದೂಡಿದಷ್ಟೂ ಎಡಕ್ಕೇ ಹೊರಳಿ, ನೆಲದ ಮೇಲೆ ಜೋಡಿಸಿದ್ದ ಶೆಟ್ಟರ ಗೊಂಬೆಯ ಅಂಗಡಿಗೆ ನುಗ್ಗಿ ಅಕ್ಕಿಬೇಳೆಯನ್ನೆಲ್ಲ ಚೆಲ್ಲಾಡಿತು. ಮಾಮಿಯರು ಬಿದ್ದು ಬಿದ್ದು ನಕ್ಕರು. ಅತ್ತೆ ನಗಲಿಲ್ಲ. ತಮ್ಮ ಕೈಯನ್ನೇ ಒಮ್ಮೆ ನೋಡಿಕೊಂಡು, "ನನ್ ಕೈ ನೆಟ್ಟಗಿಲ್ಲ. ತಗೋ, ನೀನೇ ನಡೆಸು," ಎಂದು ಕಂಟ್ರೋಲರ್ ಮುಂದೆ ಚಾಚಿದರು.

ಆದರೆ ಆ ಕೈಯ ನಡುಕಕ್ಕೆ ಲೆಕ್ಕ ಹಾಕಿದವಳು ನಾನೇ ಅಲ್ಲವೇ? ತಪ್ಪು ಕೈಯದಾಗಿರಲು ಸಾಧ್ಯವೇ ಇರಲಿಲ್ಲ. ಕಂಟ್ರೋಲರನ್ನು ಇಸಿದುಕೊಂಡು ಸ್ಟೂಲಿನ ಮೇಲಿಟ್ಟು ಹಿಂದೆ ಸರಿದೆ. ಯಾರೂ ಮುಟ್ಟಿರಲಿಲ್ಲ. ಆನೆ ಇನ್ನೂ ಎಡಕ್ಕೇ ಗಿರಗಿರ ಸುತ್ತುತ್ತಿತ್ತು.

"ನೋಡಿ ಅತ್ತೆ, ಈಗ ಯಾರ ಕೈ?" ಅಂದೆ.

ಅತ್ತೆ ಕನ್ನಡಕ ಏರಿಸಿ ಕಂಟ್ರೋಲರನ್ನು ಹತ್ತಿರದಿಂದ ನೋಡಿದರು. "ಇದೇನೇ ಇದು, ಬುಡದಲ್ಲೆಲ್ಲ ಗಂಧ ಮೆತ್ಕೊಂಡಿದೆ! ಇಷ್ಟೊಂದು ಯಾರು ಬಳಿದಿದ್ದು?"

ನನ್ನ ಭಕ್ತಿ ಸಂದಿಯೊಳಗೆ ಇಳಿದು, ರಾತ್ರಿ ಕಳೆಯುವುದರೊಳಗೆ ಒಣಗಿ ಗಟ್ಟಿಯಾಗಿ, ಕೋಲನ್ನು ಎಡಕ್ಕೆ ವಾಲಿಸಿ ಹಿಡಿದಿತ್ತು. ಇಷ್ಟು ಖುಷಿಯಿಂದ ನಾನು ಯಾವ ತಪ್ಪನ್ನೂ ಒಪ್ಪಿಕೊಂಡಿಲ್ಲ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಉಜ್ಜಿ ಉಜ್ಜಿ ತೆಗೆದೆ. ಅಪೂರ್ವ ಶೆಟ್ಟರ ಅಂಗಡಿಯನ್ನು ಎತ್ತಿ ನಿಲ್ಲಿಸಿದಳು. ಕೋಲು ತಾನಾಗಿ ನಡುವಿಗೆ ಬಂದು ನಿಂತಿತು, ಆನೆಯೂ ನಿಂತಿತು.

ಅತ್ತೆ ಮತ್ತೆ ಹಿಡಿದರು. ಕೈ ನಡುಗುತ್ತಲೇ ಇತ್ತು. ಆನೆ ನಡುಗಲಿಲ್ಲ. ಪಟ್ಟದ ಗೊಂಬೆಗಳ ಮುಂದೆ ಒಂದು ಗಳಿಗೆ ನಿಂತು, ಮೆಲ್ಲಗೆ ತಿರುಗಿ, ಬಾಲ ಎಳೆದುಕೊಂಡು, ಹಜಾರ ದಾಟಿ, ಬನ್ನಿಯ ತಟ್ಟೆಗೆ ಸೊಂಡಿಲು ತಾಗಿಸಿತು. ಮಾಮಿಯರು ದೊನ್ನೆ ಕೆಳಗಿಟ್ಟು ಚಪ್ಪಾಳೆ ತಟ್ಟಿದರು. "ಪಾಟ್ಟಿ, ಸೂಪರ್!" ಎಂದು ಅಪೂರ್ವ ಅಜ್ಜಿಯತ್ತ ಕೂಗಿದಳು. ನಾನು ಮೂಗು ಒರೆಸಿಕೊಳ್ಳುವ ನೆಪದಲ್ಲಿ ಕಣ್ಣು ಒರೆಸಿಕೊಂಡೆ.

ಹಿರಿಯರು ಕೊನೆಯವರೆಗೂ ಅಧಿಕಾರ ಬಿಡುವುದಿಲ್ಲ ಎಂಬುದು ಸೊಸೆಯರೆಲ್ಲರ ಹಳೆಯ ದೂರು. ಬಿಟ್ಟುಕೊಟ್ಟ ಅಧಿಕಾರವನ್ನು ತಿಂಗಳುಗಟ್ಟಲೆ ಕೂತು, ವೈರು ಬೆಸೆದು, ಮೋಟಾರು ಕಟ್ಟಿ, ವಾಪಸು ಕೈಗಿಟ್ಟ ಸೊಸೆ ಬಹುಶಃ ನಾನೊಬ್ಬಳೇ ಇರಬೇಕು. ಅದರ ಫಲ ಆಗಲೇ ಸಿಕ್ಕಿತು. ಒಮ್ಮೆ ನನಗೂ ನಡೆಸಬೇಕೆನಿಸಿ ಕೈ ಚಾಚಿದರೆ, ಅತ್ತೆ ಕಂಟ್ರೋಲರನ್ನು ಸೆರಗಿನೊಳಗೆ ಎಳೆದುಕೊಂಡು, "ಇರೇ, ನನ್ ಆನೆ ಇನ್ನೂ ಅರಮನೆಗೆ ವಾಪಸ್ ಹೋಗ್ಬೇಕು," ಅಂದರು.