ಮೂವತ್ತು ಮೀಟರ್ ಟೇಪು

ಇಂಥ ಅನುಭವಗಳನ್ನು ಯಾರಾದರೂ ಬರೆದರೆ ನಾನು ನಕ್ಕು ಪುಟ ತಿರುವುತ್ತಿದ್ದೆ. ಬಿಸಿಲಿಗೆ ತಲೆ ತಿರುಗಿರಬೇಕು ಎಂದುಕೊಳ್ಳುತ್ತಿದ್ದೆ. ನನ್ನ ಬಗ್ಗೆ ನೀವೂ ಹಾಗೆಯೇ ಅಂದುಕೊಂಡರೆ ಬೇಸರವಿಲ್ಲ.

ನಾನು ಅಕ್ಕಲಕೋಟೆಯವಳು. ಕೆಲವು ವರ್ಷಗಳ ಹಿಂದೆ ಸೊಲ್ಲಾಪುರದ ಒಂದು ಆಫೀಸಿನಲ್ಲಿ ಉದ್ಯಾನಗಳ ನಕ್ಷೆ ಮಾಡುತ್ತಿದ್ದೆ. ಊರ ನಡುವಿನ ಹಳೆಯ ಉದ್ಯಾನದಲ್ಲಿ ಭಜನೆ, ನಾಟಕಗಳಿಗೆಂದು ಮಂಟಪಗಳನ್ನು ಕಟ್ಟುವ ಕೆಲಸ ನಮಗೆ ಸಿಕ್ಕಿತ್ತು. ಮಣ್ಣಿನ ಇಟ್ಟಿಗೆಯ ಗೋಡೆ, ಗಾಳಿಗೆ ಜಾಲಂಧ್ರ, ಒಂದು ಮರವನ್ನೂ ಕಡಿಯಬಾರದೆಂಬ ಹಟ. ಪೂರ್ತಿ ನನ್ನದೇ ಎನ್ನುವ ಮೊದಲ ನಕ್ಷೆ ಅದು, ಒಪ್ಪಿಗೆಯೂ ಆಗಿತ್ತು.

ಏಪ್ರಿಲ್‌ನ ಒಂದು ಮಧ್ಯಾಹ್ನ ದೊಡ್ಡ ಮಂಟಪದ ಜಾಗ ಅಳೆಯುತ್ತಿದ್ದೆ. ಬೇವಿನ ಮರದಿಂದ ಹಿಂದಿನ ಕಂಪೌಂಡ್ ಗೋಡೆಯವರೆಗೆ. ನಡುವೆ ಆಳೆತ್ತರದ ಮೆಹಂದಿ ಬೇಲಿ. ನಾನು ಮರದ ಬುಡದಲ್ಲಿ ನಿಂತೆ, ಚಪಳಗಾಂವದ ಮಾಲಿ ಸಿದ್ದಪ್ಪ ಕಾಕಾ ಟೇಪಿನ ತುದಿ ಹಿಡಿದು ಬೇಲಿಯ ಆಚೆ ಹೋದರು.

"ಗೋಡಿಗಿ ಹಚ್ಚಿ ಗಟ್ಟಿ ಹಿಡೀರಿ ಕಾಕಾ," ಎಂದೆ.

ಟೇಪು ಬಿಗಿಯಾಯಿತು. ಇಪ್ಪತ್ತೊಂದು ಮೀಟರ್. ಬರೆದುಕೊಳ್ಳುವಷ್ಟರಲ್ಲಿ ಅದು ಮತ್ತೆ ಓಡತೊಡಗಿತು. ಇಪ್ಪತ್ತೈದು, ಇಪ್ಪತ್ತೆಂಟು, ಮೂವತ್ತು. ಟೇಪು ಮುಗಿದರೂ ಎಳೆತ ನಿಲ್ಲಲಿಲ್ಲ. ನನ್ನ ಚಪ್ಪಲಿ ಮಣ್ಣಿನಲ್ಲಿ ಜಾರಿತು. ಕೈ ಬಿಡಬೇಕೆಂದರೂ ಬೆರಳು ಬಿಚ್ಚಲಿಲ್ಲ.

"ಯಾಕ್ರಿ ಮ್ಯಾಡಂ, ಬೆವತೀರಿ?"

ಸಿದ್ದಪ್ಪ ಕಾಕಾ ನನ್ನ ಬೆನ್ನ ಹಿಂದೆ, ಗೇಟಿನ ಕಡೆಯಿಂದ ಬರುತ್ತಿದ್ದರು. ಅವರ ಮಾತು ಕೇಳಿದ್ದೇ ಎಳೆತ ನಿಂತಿತು.

ಇಬ್ಬರೂ ಬೇಲಿ ದಾಟಿ ನೋಡಿದೆವು. ಯಾರೂ ಇರಲಿಲ್ಲ. ಗೋಡೆಯ ಬುಡದಲ್ಲಿ ಟೇಪು ನೆಟ್ಟಗೆ ನೆಲದೊಳಗೆ ಇಳಿದಿತ್ತು. ಕಾಕಾ ಎಳೆದರು. ಸಲೀಸಾಗಿ ಬಂತು, ಒಂಬತ್ತು ಮೀಟರ್ ಉದ್ದಕ್ಕೂ ಒದ್ದೆ, ಕಪ್ಪು ಕೆಸರು. ಸುತ್ತ ನೆಲ ಬಿರುಕು ಬಿಟ್ಟು ಒಣಗಿತ್ತು.

ಮರುದಿನ ಮಣ್ಣಿನ ಪರೀಕ್ಷೆ ಎಂದು ನೆಪ ಹೇಳಿ ಅದೇ ಜಾಗ ಅಗೆಸಿದೆ. ಆಳುದ್ದ ಬರೀ ಒಣ ಮುರಂ ಮಣ್ಣು, ಕೆಳಗೆ ಬಂಡೆ. ಟೇಪು ಇಳಿದ ಗುರುತೂ ಇರಲಿಲ್ಲ. ಬೇವಿನ ಬೇರಿಗೆ ಪೆಟ್ಟಾಗುತ್ತದೆ ಎಂದು ಆಫೀಸಿನ ಸಾಹೇಬರಿಗೆ ಸುಳ್ಳು ಹೇಳಿ ಮಂಟಪವನ್ನು ಇನ್ನೊಂದು ಬದಿಗೆ ಸರಿಸಿದೆ. ಅವರು ಬಹಳ ಸಿಟ್ಟಾದರು. ಆಮೇಲೆ ದೊಡ್ಡ ಕೆಲಸ ನನ್ನ ಕೈಗೆ ಕೊಡಲಿಲ್ಲ.

ಹೋದ ವರ್ಷ ಚಪಳಗಾಂವಕ್ಕೆ ಹೋದಾಗ ಕಾಕಾ ಅವರನ್ನು ಕೇಳಿದೆ, "ಅವತ್ತ ಟೇಪ ಬಿಟ್ಟ ಯಾಕ ಹೋದ್ರಿ?"

"ನೀವ ಅಂದ್ರಲ್ರಿ, 'ಇನ್ನ ನಾ ಹಿಡಿತೀನಿ, ನೀವ ಹೋಗ್ರಿ' ಅಂತ. ನನ್ನ ಬಾಜೂಕ ನಿಂತ ಅಂದ್ರಿ."

"ತಿರಗಿ ನೋಡಿದ್ರ್ಯಾ?"

"ನಿಮ್ಮ ದನಿ ನನಗ ಗುರ್ತ ಐತಿ. ಯಾಕ ನೋಡ್ಲಿರಿ?"

ನಾನು ಮರದ ಬುಡ ಬಿಟ್ಟು ಕದಲಿರಲಿಲ್ಲ. ಅದನ್ನು ಅವರಿಗೆ ಹೇಳಲು ಧೈರ್ಯ ಬರಲಿಲ್ಲ.