ಹೂಂ ಎನ್ನುವವರೆಗೆ

ಮಾವನ ಅಂಗೈಯಲ್ಲಿ ಗೆರೆಗಳೇ ಇರಲಿಲ್ಲ. ಕೊಟ್ಟೂರಿನ ಬಸ್ ನಿಲ್ದಾಣದ ಹತ್ತಿರ ಕೈ ನೋಡಿ ಭವಿಷ್ಯ ಹೇಳುವವನೊಬ್ಬ ಆ ಕೈಯನ್ನು ಅತ್ತಿತ್ತ ಹೊರಳಿಸಿ, “ಏನೂ ಕಾಣಂಗಿಲ್ಲಪಾ” ಎಂದು ಬಿಟ್ಟುಬಿಟ್ಟಿದ್ದನಂತೆ. “ಇಟ್ಟಿಗಿ ತಿಂದಾವು ಬಿಡಪಾ” ಎಂದು ಮಾವ ನಕ್ಕು ಬಂದಿದ್ದನಂತೆ. ಮೂವತ್ತು ವರ್ಷ ಇಟ್ಟಿಗೆ ಹಿಡಿದ ಕೈ ಅದು. ಎಡಗೈಯ ಕಿರುಬೆರಳು ಹೊರಕ್ಕೆ ಬಾಗಿತ್ತು. ಉಗುರಿನ ಸಂದಿಯ ಕೆಂಪು ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ.

ಅವನು ನನ್ನ ಅವ್ವನ ಅಣ್ಣ. ಹೆಂಡತಿ ತೀರಿಹೋದ ಮೇಲೆ ನಮ್ಮ ಮನೆಯಲ್ಲೇ ಇದ್ದ. ಅಣ್ಣ ತಂಗಿ ಇಬ್ಬರೂ ಗೌಂಡಿಗಳ ಕೈಕೆಳಗೆ ಕೆಲಸ ಮಾಡುತ್ತಿದ್ದರು. ಅವ್ವ ಕೆಳಗೆ ಸಿಮೆಂಟು ಕಲಸಿ ಹೊರುತ್ತಿದ್ದಳು. ಮಾವ ಮೇಲೆ, ಗೋಡೆಯ ಪಕ್ಕ ಬಿದಿರಿನಿಂದ ಕಟ್ಟಿದ ಸಾರವೆಯ ಹಲಗೆಯ ಮೇಲೆ ನಿಂತು, ಕೆಳಗಿನಿಂದ ಎಸೆದ ಇಟ್ಟಿಗೆಗಳನ್ನು ಹಿಡಿದು ಗೋಡೆ ಕಟ್ಟುವವರ ಪಕ್ಕ ಪೇರಿಸುತ್ತಿದ್ದ. ಒಂದನ್ನು ಹಿಡಿದು, ಹಿಂದಕ್ಕೆ ಹೊರಳಿ ಇಟ್ಟು, ಮತ್ತೆ ಇತ್ತ ತಿರುಗಿದ ಮೇಲೆ “ಹೂಂ” ಎನ್ನುತ್ತಿದ್ದ. ಆ ಹೂಂ ಕೇಳಿಸದೆ ಮುಂದಿನ ಇಟ್ಟಿಗೆ ಎಸೆಯುವಂತಿರಲಿಲ್ಲ. ಬೇರೆ ಕಡೆಯವರು ಅಂದಾಜಿನ ಮೇಲೆ ಎಸೆಯುತ್ತಿದ್ದರು. ಮಾವ ಅದನ್ನು ಒಪ್ಪುತ್ತಿರಲಿಲ್ಲ. “ನನ್ನ ಬೆನ್ನಿಗೆ ಕಣ್ಣಿಲ್ರೀ” ಎನ್ನುತ್ತಿದ್ದ. ಉಣ್ಣುವಾಗಲೂ ಅದೇ ಚಾಳಿ. ಬಾಯಲ್ಲಿದ್ದ ತುತ್ತು ನುಂಗಿ ಹೂಂ ಎಂದ ಮೇಲೆಯೇ ಅವ್ವ ಇನ್ನೊಂದು ರೊಟ್ಟಿ ಹಾಕಬೇಕು. “ಇದೇನು ಸಾರವಿ ಏನಣ್ಣಾ?” ಎಂದು ಅವಳು ರೇಗಿಸುತ್ತಿದ್ದಳು.

ಎಂಬತ್ತನೇ ಇಸವಿಯ ಆಸುಪಾಸು. ನನಗೆ ಹದಿನೆಂಟು ತುಂಬಿತ್ತು. ಓದು ಅಷ್ಟಕ್ಕಷ್ಟೇ, ಕ್ರಿಕೆಟ್ಟಿನ ಹುಚ್ಚು ಮಾತ್ರ ತಲೆಗೇರಿತ್ತು. ಜಿಲ್ಲಾ ತಂಡಕ್ಕೆ ಸೇರಿದರೆ ಆಟದ ಸರ್ಟಿಫಿಕೇಟಿನ ಮೇಲೆ ಸರ್ಕಾರಿ ನೌಕರಿ ಸಿಗುತ್ತದೆಂದು ಯಾರೋ ಹೇಳಿದ್ದರು. ನಮ್ಮಂಥ ಮನೆಗೆ ಅದಕ್ಕಿಂತ ದೊಡ್ಡ ಬಾಗಿಲು ಇರಲಿಲ್ಲ. ಆದರೆ ನನಗೆ ಕ್ಯಾಚು ಹಿಡಿಯಲು ಬರುತ್ತಿರಲಿಲ್ಲ. ಚೆಂಡು ಅಂಗೈಗೆ ಬಡಿದು ಸಿಡಿಯುತ್ತಿತ್ತು. ಕೂಡ್ಲಿಗಿಯವರ ಮೇಲೆ ಆಡುವಾಗ ಮೂರು ಕ್ಯಾಚು ಬಿಟ್ಟು ನಾನೇ ತಂಡವನ್ನು ಸೋಲಿಸಿದೆ. ಗೋಡೆಗೆ ಮುಖ ಮಾಡಿ ಮಲಗಿದ್ದವನನ್ನು ಮಾವ ಎಬ್ಬಿಸಿ ಹಿತ್ತಲಿಗೆ ಕರೆದುಕೊಂಡು ಹೋದ. ಹತ್ತು ಹೆಜ್ಜೆ ದೂರ ನಿಲ್ಲಿಸಿ ಅರ್ಧ ಇಟ್ಟಿಗೆ ಎಸೆದ. ನಾನು ಹೆದರಿ ಪಕ್ಕಕ್ಕೆ ಹಾರಿದೆ.

“ಕೈ ಯಾಕ ಮುಂದ ಚಾಚ್ತಿಯಲೇ? ಅದೇನು ನಿನ್ನ ವೈರಿ ಏನು, ತಡಿಯಾಕ? ಬರೋದು ಬರ್ಲಿ. ಅದರ ಕೂಡ ನೀನೂ ಒಂದು ಗೇಣು ಹಿಂದಕ ಹೋಗು.”

ಎರಡು ತಿಂಗಳು ದಿನಾ ಬೆಳಿಗ್ಗೆ ಇದೇ ಪಾಠ. ಬೆರಳು ಊದಿಕೊಂಡು ತುತ್ತು ಕಲಸಲು ಬಾರದಂತಾಯಿತು. ಮಾವ ಅರಿಸಿನ ಹಚ್ಚಿ ಮರುದಿನ ಮತ್ತೆ ನಿಲ್ಲಿಸುತ್ತಿದ್ದ. “ಮೊದ್ಲು ಕಾಲು ಹೋಗಬೇಕು, ಕೈ ಆಮ್ಯಾಲೆ” ಎಂದು ಎಡಕ್ಕೂ ಬಲಕ್ಕೂ ಓಡಿಸುತ್ತಿದ್ದ. “ಒಗಿಯೋನ ಮಾರಿ ನೋಡಬ್ಯಾಡ. ಇಟ್ಟಿಗಿ ಮ್ಯಾಲಿನ ಅಚ್ಚು ಕಾಣಬೇಕು ನಿನಗ” ಎನ್ನುತ್ತಿದ್ದ. ಒಂದು ಬೆಳಿಗ್ಗೆ ಇಟ್ಟಿಗೆಯ ಮೇಲೆ ಒತ್ತಿದ ಆ ಅಚ್ಚಿನ ಅಕ್ಷರ ನಿಜವಾಗಿಯೂ ಕಂಡಿತು. ಇಟ್ಟಿಗೆ ಸದ್ದಿಲ್ಲದೆ ನನ್ನ ಕೈಯೊಳಗೆ ಇಳಿಯಿತು. ಮಾವ ಶಹಬ್ಬಾಸ್ ಅನ್ನಲಿಲ್ಲ. ಹೂಂ ಎಂದ, ಅಷ್ಟೇ. ಅದಾದ ಮೇಲೆ ಚೆಂಡು ನನಗೆ ನಿಂಬೆಹಣ್ಣಿನಷ್ಟೇ ಹಗುರ.

ಜಿಲ್ಲಾ ತಂಡದ ಆಯ್ಕೆ ಹರಪನಹಳ್ಳಿಯಲ್ಲಿತ್ತು. ಆ ಬೆಳಿಗ್ಗೆ ಹೇಳಿ ಹೋಗಲು ಮಾವನ ಕೆಲಸದ ಜಾಗಕ್ಕೆ ಹೋದರೆ, ಇಟ್ಟಿಗೆ ಎಸೆಯುವವನು ಬಂದಿರಲಿಲ್ಲ. “ಬಸ್ಸಿಗೆ ಇನ್ನೂ ಹೊತ್ತೈತಿ, ಒಂದು ನೂರು ಒಗದು ಹೋಗು” ಎಂದ ಮಾವ. ಎಸೆಯತೊಡಗಿದೆ. ಮೊದಲು ಹೂಂಗಾಗಿ ಕಾದೆ. ಆಮೇಲೆ ದೂರದಲ್ಲಿ ಯಾವುದೋ ಬಸ್ಸಿನ ಹಾರ್ನು ಕೇಳಿಸಿತು. ಲಯ ಗೊತ್ತಾಗಿದೆಯಲ್ಲ, ಕಾಯುವುದೇಕೆ ಎಂದುಕೊಂಡೆ. ಇಟ್ಟಿಗೆ ಹಿಡಿಯಲು ಕಲಿತ ಜಂಬ ಬೇರೆ. ಹೂಂ ಬರುವ ಮೊದಲೇ ಎಸೆದುಬಿಟ್ಟೆ.

ಮಾವನ ಬೆನ್ನು ನನ್ನ ಕಡೆಗಿತ್ತು. ಹೊರಳುವಷ್ಟರಲ್ಲಿ ಇಟ್ಟಿಗೆ ಅವನನ್ನು ದಾಟಿ ಪಕ್ಕಕ್ಕೆ ಹೋಗುತ್ತಿತ್ತು. ಅದು ಬೀಳುವ ಜಾಗದಲ್ಲಿ, ಕೆಳಗೆ, ಅವ್ವ ತಲೆ ಬಗ್ಗಿಸಿ ಸಿಮೆಂಟು ತುಂಬುತ್ತಿದ್ದಳು. ಬಿಟ್ಟಿದ್ದರೆ ಅವನು ಉಳಿಯುತ್ತಿದ್ದ. ಬಿಡಲಿಲ್ಲ. ಹಲಗೆಯಿಂದ ಹೊರಕ್ಕೆ ಬಾಗಿ ಹಿಡಿದ, ಹಿಡಿದುಕೊಂಡೇ ಬಿದ್ದ.

ಇಟ್ಟಿಗೆ ಎದೆಯ ಮೇಲಿತ್ತು, ಒಡೆದಿರಲಿಲ್ಲ. ಅವ್ವ ಕೂಗುತ್ತಾ ಓಡಿಬಂದಳು. “ಕಾಲು ಜಾರಿತವ್ವಾ” ಎಂದ ಮಾವ, ನನ್ನ ಕಡೆ ನೋಡುತ್ತಾ. ಆಮೇಲೆ ನನಗೆ, “ಏನೂ ಆಗಿಲ್ಲ ಹೋಗಲೇ. ಬಸ್ ತಪ್ಪತೈತಿ.”

ಹೋದೆ. ಇದನ್ನು ಬರೆಯಲು ಇವತ್ತಿಗೂ ಕೈ ಬರುವುದಿಲ್ಲ, ಆದರೆ ಹೋದದ್ದು ನಿಜ. ಹರಪನಹಳ್ಳಿಯ ಮೈದಾನದಲ್ಲಿ ನನ್ನ ಕಡೆ ಹೊಡೆದ ಒಂದು ಕ್ಯಾಚನ್ನೂ ಬಿಡಲಿಲ್ಲ. ಸಂಜೆ ಹಲ್ಲು ಕಿರಿಯುತ್ತಾ ಬಂದಾಗ ಮಾವನ ಸೊಂಟದ ಕೆಳಗಿನ ಮೈ ಸತ್ತುಹೋಗಿತ್ತು.

ಹನ್ನೊಂದು ತಿಂಗಳು ಹಾಸಿಗೆಯಲ್ಲಿದ್ದ. ಅವ್ವ ಅವನ ಕಾಲು ಒರೆಸುವಾಗಲೆಲ್ಲ, “ಅಷ್ಟು ವರ್ಷ ನಿಂತ ಕಾಲು ಅವತ್ತ ಹೆಂಗ ಜಾರಿತಣ್ಣಾ?” ಎನ್ನುತ್ತಿದ್ದಳು. ಮಾವ ಸೂರು ನೋಡುತ್ತಿದ್ದ. ಒಮ್ಮೆ ನಾವಿಬ್ಬರೇ ಇದ್ದಾಗ ನಾನು ಬಾಯಿ ತೆರೆದೆ. “ಅಕಿಗೆ ಹೇಳಬ್ಯಾಡ” ಎಂದ. “ಅಣ್ಣ ಹೋಗ್ತಾನ, ಹೋಗ್ಲಿ. ಮಗ ಒಬ್ಬಾರ ಉಳೀಲಿ ಅಕಿಗೆ.” ಅವ್ವ ಸಾಯುವವರೆಗೂ ನಾನು ಹೇಳಲಿಲ್ಲ. ಆ ಸರ್ಟಿಫಿಕೇಟು ಕೊಡಿಸಿದ ನೌಕರಿಯ ಅನ್ನವನ್ನೇ ಅವಳು ಕೊನೆಯವರೆಗೂ ಉಂಡಳು.

ಕಡೆಕಡೆಗೆ ಮಾವನ ಕೈಗಳೂ ಏಳದಾದವು. ನಾನೇ ಗಂಜಿ ಕುಡಿಸುತ್ತಿದ್ದೆ. ಒಂದು ಚಮಚ ಬಾಯಿಗೆ ಬಿಟ್ಟು ಕಾಯುವುದು. ಅವನು ನುಂಗಿ ಹೂಂ ಎಂದ ಮೇಲೆ ಇನ್ನೊಂದು. ಎಷ್ಟು ಹೊತ್ತಾದರೂ ನಾನು ಅವಸರ ಮಾಡಲಿಲ್ಲ. ಆ ಒಂದು ವಿದ್ಯೆಯನ್ನು ನಾನು ಅವನಿಂದ ತೀರಾ ತಡವಾಗಿ ಕಲಿತೆ.

ಒಂದು ಬೆಳಿಗ್ಗೆ ಹಾಗೆಯೇ ಚಮಚ ಹಿಡಿದು ಕಾಯುತ್ತಾ ಕೂತಿದ್ದೆ. ಅವ್ವ ಒಳಗಿನಿಂದ ಬಂದು ಅಣ್ಣನ ಕಣ್ಣು ಮುಚ್ಚಿದಳು. ನಾನು ಇನ್ನೂ ಕಾಯುತ್ತಲೇ ಇದ್ದೆ.